ಗಂಧ ಹಚ್ಚಿಸಿಕೊಂಡ ಟೋಬಾರ್

ನ್ಯೂಜಿಲೆಂಡಿನಲ್ಲಿ ಆರು ವರ್ಷ ಸಂಸಾರ ಮಾಡಿದ ಮೇಲೂ ನನ್ನ ಕಾರಿಗೆ ಟೋಬಾರ್ ಇರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇದರಲ್ಲಿ ಒಪ್ಪಿಕೊಳ್ಳುವಂಥದ್ದೇನಿದೆ ಎಂದು ನಿಮಗೆ ಅನ್ನಿಸಬಹುದು. ಟೋಬಾರ್ ಎಂದರೆ ಬಂಪರಿನ ಕೆಳಗೆ ಬಿಗಿಯುವ ಒಂದು ಕಬ್ಬಿಣದ ತೊಲೆ, ಅದರ ತುದಿಗೊಂದು ಗುಂಡು. ಆ ಗುಂಡಿನ ಮೇಲೆ ಟ್ರೇಲರಿನ ಮೂತಿ ಕೂರುತ್ತದೆ, ಅಷ್ಟೆ. ಆದರೆ ಶನಿವಾರ ಬಂತೆಂದರೆ ನಮ್ಮ ರೊಟೊಟೂನ ಬಡಾವಣೆಯ ಬೀದಿಗಳಲ್ಲಿ ಪ್ರತಿಯೊಬ್ಬನೂ ಏನನ್ನಾದರೂ ಎಳೆದುಕೊಂಡು ಹೋಗುತ್ತಿರುತ್ತಾನೆ. ಒಬ್ಬ ದೋಣಿ, ಒಬ್ಬ ಕುದುರೆ, ಒಬ್ಬ ಕತ್ತರಿಸಿದ ಗಿಡಗಂಟಿ, ಇನ್ನೊಬ್ಬ ಹೆಂಡತಿಗೆ ಬೇಡವಾದ ಸೋಫಾ. ನಾನೊಬ್ಬ ಮಾತ್ರ ಕೊತ್ತಂಬರಿ ಸೊಪ್ಪಿನ ಚೀಲ ಪಕ್ಕದ ಸೀಟಿನಲ್ಲಿಟ್ಟುಕೊಂಡು ಮನೆಗೆ ಬರುತ್ತಿದ್ದೆ.

ಹಾಗಾದರೆ ನಮ್ಮ ಮನೆಯ ಮಂಚ, ಫ್ರಿಜ್ಜು, ಊಟದ ಮೇಜು ಎಲ್ಲ ಬಂದದ್ದು ಹೇಗೆ ಎಂದು ಕೇಳಿ. ಪಕ್ಕದ ಮನೆಯ ಕಾಲಿನ್ ತನ್ನ ಯೂಟ್‌ನಲ್ಲಿ ತಂದುಕೊಟ್ಟದ್ದು. ಯೂಟ್ ಎಂದರೆ ಮುಂದೆ ಕಾರು, ಹಿಂದೆ ಪುಟ್ಟ ಲಾರಿ. ಕನ್ನಡ ಸಂಘದ ಗಣಪತಿ ಕೂಡ ಎರಡು ವರ್ಷ ಅದರಲ್ಲೇ ಕೂತು ಸಭಾಂಗಣಕ್ಕೆ ಹೋಗಿದ್ದಾನೆ. ಕಾಲಿನ್ ಒಮ್ಮೆಯೂ ಮುಖ ಸಿಂಡರಿಸಿದವನಲ್ಲ. ಅದೇ ನನಗೆ ಹೆಚ್ಚು ಕಷ್ಟ. ಮುಖ ಸಿಂಡರಿಸಿದ್ದರೆ ನಾನೂ ಸ್ವಲ್ಪ ಸಿಟ್ಟು ಮಾಡಿಕೊಂಡು ಆವತ್ತೇ ಟೋಬಾರ್ ಹಾಕಿಸುತ್ತಿದ್ದೆ.

ಹಾಕಿಸದೇ ಇದ್ದುದಕ್ಕೆ ಕಾರಣ ನನ್ನ ಕಾರು. ಅದು ಪ್ಲಗ್-ಇನ್ ಹೈಬ್ರಿಡ್. ರಾತ್ರಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಮರುದಿನ ಆಫೀಸಿಗೆ ಕರೆಂಟಿನಲ್ಲಿ ಹೋಗುತ್ತದೆ, ದೂರದ ಊರಿಗೆ ಪೆಟ್ರೋಲಿನಲ್ಲಿ. ಕೊಳ್ಳುವಾಗ ಎಲ್ಲರೂ ಕೇಳಿದರು, ಪೂರ್ತಿ ಕರೆಂಟಿನ ಕಾರೇ ತಗೋಬಾರದಾ ಎಂದು. ನಾನು ಹೋಟೆಲಿನಲ್ಲಿ ಇಡ್ಲಿ ಹೇಳಿ ಮಾಣಿ ಒಳಗೆ ಹೋಗುವಷ್ಟರಲ್ಲಿ ಒಂದು ವಡೆಯನ್ನೂ ಹೇಳುವ ಜಾತಿಯವನು. ನನಗೆ ಇಂಥ ಕಾರೇ ಸರಿ. ಆದರೆ ಇಂಥ ಕಾರು ಭಾರ ಎಳೆಯುತ್ತದೋ ಇಲ್ಲವೋ ಎಂಬುದರಲ್ಲಿ ಅದಕ್ಕೇ ಖಾತ್ರಿಯಿಲ್ಲ. ಕೆಲವು ಎಳೆಯುತ್ತವೆ, ಕೆಲವಕ್ಕೆ ತಯಾರಿಸಿದವರೇ ಬೇಡ ಎಂದಿರುತ್ತಾರೆ. ಕೈಪಿಡಿ ತೆಗೆದು ನೋಡುವುದನ್ನು ನಾನು ಆರು ವರ್ಷದಿಂದ ಮುಂದಿನ ವಾರಕ್ಕೆ ಹಾಕುತ್ತ ಬಂದಿದ್ದೆ.

ಆಮೇಲೆ ಟೌರಂಗಾದಿಂದ ಫೋನು ಬಂತು. ಅಲ್ಲಿ ನಮಗೆ ಬೇಕಾದವರೊಬ್ಬರು ಡಾಕ್ಟರಮ್ಮ ಇದ್ದಾರೆ, ಹುಬ್ಬಳ್ಳಿಯವರು. ಆಸ್ಟ್ರೇಲಿಯಾಕ್ಕೆ ಹೊರಟಿದ್ದರು. ಅವರ ಮನೆಯಲ್ಲಿ ಆರಡಿ ಉದ್ದದ ತೇಗದ ಉಯ್ಯಾಲೆ, ಹಿತ್ತಾಳೆಯ ಸರಪಳಿ, ನಿಲ್ಲಿಸಲು ಮರದ ಚೌಕಟ್ಟು. ನನ್ನ ಹೆಂಡತಿ ವಾಣಿ ಧಾರವಾಡದವಳು. ಜೋಕಾಲಿ ಇರುವ ಮನೆಯಲ್ಲಿ ಹುಟ್ಟಿ, ಜೋಕಾಲಿಯ ಮೇಲೆ ಕೂತೇ ಎಸ್ಸೆಸ್ಸೆಲ್ಸಿಗೆ ಓದಿದವಳು. ಆಸ್ಪತ್ರೆಯಲ್ಲಿ ನರ್ಸು. ಟೌರಂಗಾಕ್ಕೆ ಹೋದಾಗಲೆಲ್ಲ ಅವಳು ಊಟ ಬಿಟ್ಟರೂ ಆ ಉಯ್ಯಾಲೆ ಬಿಡುತ್ತಿರಲಿಲ್ಲ. "ಒಯ್ಯೋದಿದ್ರ ಮುಂದಿನ ಶನಿವಾರ ಬರ್ರಿ. ಭಾನುವಾರ ಮನಿ ಬೀಗದ ಕೈ ಕೊಡೋದೈತಿ. ನೀವು ಬರಲಿಲ್ಲಂದ್ರ ಇಲ್ಲೇ ಇನ್ನೊಬ್ರು ಕೇಳ್ಯಾರ" ಎಂದರು ಡಾಕ್ಟರಮ್ಮ.

ಫೋನಿಟ್ಟು ವಾಣಿ ನನ್ನ ಕಡೆ ತಿರುಗಿದಳು.

"ನೋಡ್ರಿ, ಈ ದೇಶಕ್ಕ ಬಂದಾಗಿಂದ ನಾ ನಿಮಗ ಏನೂ ಕೇಳಿಲ್ಲ. ಇದೊಂದು ತಂದುಬಿಡ್ರಿ."

ಅವಳು ಹೇಳಿದ್ದು ನಿಜ. ಏನೂ ಕೇಳಿರಲಿಲ್ಲ. ಹನ್ನೆರಡು ತಾಸು ನಿಂತು ಕೆಲಸ ಮಾಡಿ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಕೂತಿರುವವಳನ್ನು ನೋಡಿದಾಗಲೆಲ್ಲ ನನಗೇ ಒಂದು ಬಗೆಯ ಸಂಕಟವಾಗುತ್ತಿತ್ತು. ತಕ್ಷಣ ಕಾಲಿನ್ ಮನೆಗೆ ಹೋದೆ. ಆ ಶನಿವಾರ ಅವನು ಯೂಟ್ ತೆಗೆದುಕೊಂಡು ಸಮುದ್ರದ ಬದಿಯ ತನ್ನ ಬಾಚ್‌ಗೆ, ಅಂದರೆ ರಜೆಯ ಗುಡಿಸಿಲಿಗೆ, ಹೋಗುವವನಿದ್ದ. "ಟ್ರೇಲರ್ ಬೇಕಾದರೆ ತಗೋ, ಆದರೆ ಎಳೆಯೋದು ಯಾವುದರಲ್ಲಿ?" ಎಂದು ನನ್ನ ಕಾರಿನ ಬೋಳು ಬೆನ್ನನ್ನು ನೋಡಿದ.

ಕೊನೆಗೂ ಕೈಪಿಡಿ ತೆಗೆದೆ. ಏಳುನೂರ ಐವತ್ತು ಕಿಲೋ ಎಳೆಯಬಹುದು ಎಂದಿತ್ತು. ಒಂದು ಪುಟ ತಿರುವಿದ್ದರೆ ಗೊತ್ತಾಗುತ್ತಿದ್ದ ಸಂಗತಿಗೆ ಆರು ವರ್ಷ ಕಾಲಿನ್‌ನ ಪೆಟ್ರೋಲು ಸುಟ್ಟಿದ್ದೆ.

ಟೋಬಾರ್ ಹಾಕಿದವನು ವಿರೆಮು ಎಂಬ, ಈ ನೆಲದ ಮೂಲನಿವಾಸಿಗಳಾದ ಮಾವೊರಿ ಜನರ ಯುವಕ. ಊರಿನ ಇನ್ನೊಂದು ತುದಿಯಲ್ಲಿ ಅವನದೊಂದು ಸಣ್ಣ ವರ್ಕ್‌ಶಾಪು. ಶುಕ್ರವಾರ ರಜೆ ಹಾಕಿ ಹೋದೆ. ನಾನು ಎಲೆಕ್ಟ್ರಿಕಲ್ ಎಂಜಿನಿಯರು. ಇಪ್ಪತ್ತು ವರ್ಷದಿಂದ ಕರೆಂಟಿನ ಅನ್ನ ತಿನ್ನುತ್ತಿದ್ದೇನೆ. ಹಾಗಾಗಿ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕೂತೆ. ಅವನು ಬಂಪರ್ ಬಿಚ್ಚಿ, ತೊಲೆ ಬಿಗಿದು, ಡಿಕ್ಕಿಯ ತಳದ ಹೊದಿಕೆ ಎತ್ತಿದ. ಅಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳು ಮಲಗಿದ್ದವು. ದೊಡ್ಡ ಬ್ಯಾಟರಿಯವು ಅವು, ಮುಟ್ಟುವಂತಿಲ್ಲ. "ಅದನ್ನು ಮುಟ್ಟಬೇಡ" ಎಂದು ನಾನು ಅವನಿಗೆ ನಾಲ್ಕು ಸಲ ಹೇಳಿದೆ. ಐದನೆಯ ಸಲ ಅವನು, "ಬ್ರೋ, ಪಕ್ಕದಲ್ಲೇ ಒಳ್ಳೇ ಕಾಫಿ ಸಿಗತ್ತೆ, ನಿಧಾನವಾಗಿ ಕುಡಿದು ಬಾ" ಎಂದ.

ಟ್ರೇಲರಿನ ವೈರಿಂಗ್ ಬಗ್ಗೆ ಒಂದು ಮಾತು ಹೇಳದೆ ನನ್ನಿಂದ ಮುಂದೆ ಹೋಗಲಾಗದು. ಹಳೆಯ ಕಾರುಗಳಲ್ಲಿ ಟ್ರೇಲರಿನ ದೀಪದ ವೈರನ್ನು ಕಾರಿನ ದೀಪದ ವೈರಿಗೆ ತಿರುಚಿ ಸೇರಿಸಿ, ಟೇಪು ಸುತ್ತಿದರೆ ಮುಗಿಯಿತು. ಹೊಸ ಕಾರು ಹಾಗಲ್ಲ. ಅದರೊಳಗಿನ ಕಂಪ್ಯೂಟರ್ ಮದುವೆಮನೆಯಲ್ಲಿ ಎಲೆ ಎಣಿಸುತ್ತ ಓಡಾಡುವ ಸೋದರಮಾವನ ಹಾಗೆ. ಒಂದು ಬಲ್ಬು ಹೆಚ್ಚಾದರೂ ಇದು ಯಾರ ಕಡೆಯವರು ಎಂದು ಕೂಗಾಡುತ್ತದೆ. ಆದ್ದರಿಂದ ನಡುವೆ ಒಂದು ಪುಟ್ಟ ಡಬ್ಬಿ ಇಡುತ್ತಾರೆ. ಅದು ಕಾರಿನ ದೀಪಗಳನ್ನು ದೂರದಿಂದ ನೋಡಿಕೊಂಡು, ಚಿಕ್ಕ ಬ್ಯಾಟರಿಯಿಂದ ತಾನೇ ಕರೆಂಟು ತೆಗೆದು, ಟ್ರೇಲರಿಗೆ ಬಡಿಸುತ್ತದೆ. ಸೋದರಮಾವನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಕೊನೆಗೆ ಎಲ್ಲ ವೈರುಗಳೂ ಬಂಪರಿನ ಕೆಳಗಿನ ಒಂದು ದುಂಡನೆಯ ಸಾಕೆಟ್ಟಿಗೆ ಬಂದು ಸೇರುತ್ತವೆ. ಅದಕ್ಕೆ ಏಳು ತೂತು, ಮೇಲೊಂದು ಸ್ಪ್ರಿಂಗಿನ ಮುಚ್ಚಳ. ವಿರೆಮು ತನ್ನ ಟ್ರೇಲರ್ ಸಿಕ್ಕಿಸಿ, ಎಲ್ಲ ದೀಪ ಹತ್ತಿಸಿ ತೋರಿಸಿ ಕಳಿಸಿದ.

ಸಂಜೆ ಮನೆಗೆ ಬಂದವನು ಕಾರಿಗೆ ಪೂಜೆ ಮಾಡಿದೆ. ವಾಣಿ ಡ್ಯೂಟಿಯಲ್ಲಿದ್ದಳು. ನವರಾತ್ರಿಗೆ ಇನ್ನೂ ದೂರವಿತ್ತು ನಿಜ. ಆದರೆ ಮೈಸೂರಿನಲ್ಲಿ ಹುಟ್ಟಿದವನು ಹೊಸ ಕಬ್ಬಿಣ ಮನೆಗೆ ಬಂದರೆ ಸುಮ್ಮನೆ ಹೇಗೆ ಇರುವುದು? ನಮ್ಮಲ್ಲಿ ಕತ್ತಿಗೆ ಇದ್ದ ಪೂಜೆ ಸೈಕಲ್ಲಿಗೆ ಬಂತು, ಸ್ಕೂಟರಿಗೆ ಬಂತು, ಆಫೀಸಿನ ಸರ್ವರಿಗೂ ಬಂತು. ಟೋಬಾರ್ ಏನು ಪಾಪ ಮಾಡಿದೆ? ಹನ್ನೊಂದು ವರ್ಷದ ಮಗಳು ಇಂಚರ ಆರತಿ ತಟ್ಟೆ ಹಿಡಿದಳು. ಆ ಗುಂಡು ಕಪ್ಪಗೆ, ನುಣ್ಣಗೆ, ಥೇಟ್ ಸಾಲಿಗ್ರಾಮದ ಹಾಗಿತ್ತು. ಗಂಧ ತೇಯ್ದು ಧಾರಾಳವಾಗಿ ಹಚ್ಚಿದೆ. ತೊಲೆಗೂ ಹಚ್ಚಿದೆ. ಆಮೇಲೆ ಸಾಕೆಟ್ಟಿನ ಮುಚ್ಚಳ ತೆರೆದೆ. ಕರೆಂಟು ವಾಸಿಸುವ ಜಾಗ ಇದಲ್ಲವೇ, ಇದಕ್ಕೆ ಕಡಿಮೆ ಮಾಡುವುದು ಸರಿಯಲ್ಲ ಎನ್ನಿಸಿತು.

"ಅಪ್ಪಾ, ದೇರ್ ಟೂ?" ಎಂದಳು ಇಂಚರ.

"ಹೂಂ ಮಗಳೇ, ಅಲ್ಲೂ" ಎಂದು ಏಳು ತೂತಿಗೂ ಒಂದೊಂದು ಬೊಟ್ಟು ಗಂಧ, ಮೇಲೆ ಕುಂಕುಮ ಇಟ್ಟೆ. ಒಂದಕ್ಕೆ ಇಟ್ಟು ಒಂದಕ್ಕೆ ಬಿಟ್ಟರೆ ಚೆನ್ನಾಗಿರುವುದಿಲ್ಲ. ಮುಚ್ಚಳ ಟಪ್ಪನೆ ಕೂತುಕೊಂಡಿತು. ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಕಾರು ಹತ್ತಿಸಿ, ಕೈ ಮುಗಿದು ಒಳಗೆ ಬಂದೆ.

ಮರುದಿನ ಬೆಳಿಗ್ಗೆ ಏಳಕ್ಕೆಲ್ಲ ವಾಣಿ ಚಪಾತಿ ಸುತ್ತಿಟ್ಟುಕೊಂಡು, ಉಯ್ಯಾಲೆಗೆ ಹೊದಿಸಲು ಎರಡು ರಜಾಯಿ ಮಡಚಿಕೊಂಡು ಸಿದ್ಧಳಾಗಿದ್ದಳು. ಕಾಲಿನ್ ತಾನೇ ಟ್ರೇಲರ್ ತಳ್ಳಿಕೊಂಡು ಬಂದು ಗುಂಡಿಗೆ ಕೂರಿಸಿ, ಸರಪಳಿ ಹಾಕಿಕೊಟ್ಟ. ನಾನು ಸಾಕೆಟ್ಟಿನ ಮುಚ್ಚಳ ತೆರೆದೆ. ಒಳಗೆ ಕುಂಕುಮ ಕಂಡು ಮನಸ್ಸಿಗೆ ಧೈರ್ಯ ಬಂತು. ಪ್ಲಗ್ಗನ್ನು ಗಟ್ಟಿಯಾಗಿ ಒತ್ತಿ ಸಿಕ್ಕಿಸಿದೆ.

ಎಡಗಡೆಯ ಸಿಗ್ನಲ್ ಹಾಕಿದೆ. "ಬ್ರೇಕ್ ಲೈಟ್ ಮಿಣುಕ್ತಿದೆ" ಎಂದಳು ಹಿಂದೆ ನಿಂತಿದ್ದ ಇಂಚರ. ಅವಳ ಬಾಯಲ್ಲಿ ಕನ್ನಡ ಬರಬೇಕಾದರೆ ವಿಷಯ ಗಂಭೀರವೇ ಇರಬೇಕು. ಬ್ರೇಕ್ ಒತ್ತಿದೆ. ಎಲ್ಲ ದೀಪಗಳೂ ಮಂಕಾಗಿ ಒಟ್ಟಿಗೆ ಹತ್ತಿ ಒಟ್ಟಿಗೆ ಆರಿದವು. ಬ್ರೇಕ್ ದೀಪವಿಲ್ಲದ ಟ್ರೇಲರ್ ಕಟ್ಟಿಕೊಂಡು ಟೌರಂಗಾದ ದಾರಿಯ ಕೈಮಾಯ್ ಘಾಟಿ ಹತ್ತಿ ಇಳಿಯುವುದು ಸಾಧ್ಯವಿಲ್ಲದ ಮಾತು.

ನಿನ್ನ ಟ್ರೇಲರ್ ಹಳೇದಾಯಿತೇನೋ ಎಂದೆ ಕಾಲಿನ್‌ಗೆ. ಅವನು ಅದನ್ನು ತನ್ನ ಯೂಟ್‌ಗೆ ಸಿಕ್ಕಿಸಿದ. ಎಲ್ಲ ದೀಪವೂ ಚೆನ್ನಾಗಿ ಹತ್ತಿದವು. "ಗುಡ್ ಲಕ್, ಮೇಟ್" ಎಂದು ಟ್ರೇಲರನ್ನು ನಮಗೇ ಬಿಟ್ಟು ಬಾಚ್‌ಗೆ ಹೊರಟುಹೋದ. ನಾನು ಮೀಟರ್ ತಂದು, ಅದರ ಸೂಜಿಯಂಥ ಮೊನೆಯನ್ನು ಏಳು ತೂತಿಗೂ ಚುಚ್ಚಿ ನೋಡಿದೆ. ಕರೆಂಟು ಸರಿಯಾಗಿ ಬರುತ್ತಿತ್ತು. ಹಾಗಾದರೆ ತಪ್ಪು ಆ ಡಬ್ಬಿಯದು, ಅರ್ಥಾತ್ ವಿರೆಮುವಿನದು ಎಂದು ತೀರ್ಮಾನಿಸಿದೆ. ಅವನಿಗೆ ಫೋನ್ ಮಾಡಿ, ಮೀಟಿಂಗಿನಲ್ಲಿ ಮಾತಾಡುವ ಇಂಗ್ಲಿಷಿನಲ್ಲಿ, ಇಪ್ಪತ್ತು ವರ್ಷದ ನನ್ನ ಅನುಭವವನ್ನೂ ನಡುವೆ ತೂರಿಸಿ, ಕೆಲಸದ ಗುಣಮಟ್ಟದ ಬಗ್ಗೆ ನನಗಾದ ನಿರಾಶೆಯನ್ನು ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಬರ್ತೀನಿ ಬ್ರೋ, ಅರ್ಧ ಗಂಟೆ" ಎಂದ. ಶನಿವಾರ ಅವನ ವರ್ಕ್‌ಶಾಪಿಗೆ ರಜೆ ಎಂಬುದು ಫೋನಿಟ್ಟ ಮೇಲೆ ನೆನಪಾಯಿತು.

ಆ ಅರ್ಧ ಗಂಟೆ ವಾಣಿ ರಜಾಯಿಗಳನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಕೊನೆಗೆ, "ಡಾಕ್ಟರ್ ಬಾಯಿಗೆ ಫೋನ್ ಮಾಡಿ ಹೇಳಿಬಿಡ್ಲೇನ್ರೀ, ಆ ಇನ್ನೊಬ್ರಿಗೇ ಕೊಟ್ಟುಬಿಡ್ರಿ ಅಂತ?" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

ವಿರೆಮು ರಗ್ಬಿ ಚಡ್ಡಿಯಲ್ಲೇ ಬಂದ, ಮಗನ ಆಟ ಬಿಟ್ಟು. ಪ್ಲಗ್ ಕಿತ್ತು ಅದರ ಮೊಳೆಗಳನ್ನು ನೋಡಿದ. ಬೆರಳಿನಿಂದ ಸವರಿ ಮೂಸಿದ.

"ಒಳ್ಳೇ ವಾಸನೆ" ಎಂದ. "ಏನಿದು?"

ನಾನು ಬಾಯಿ ತೆರೆಯುವ ಮೊದಲೇ ಇಂಚರ, "ಬ್ಲೆಸಿಂಗ್. ಡ್ಯಾಡ್ ಪುಟ್ ಇಟ್ ಇನ್" ಎಂದಳು.

ರಾತ್ರಿಯೆಲ್ಲ ಗಂಧ ತೂತುಗಳೊಳಗೆ ಗಟ್ಟಿಯಾಗಿ ಒಣಗಿತ್ತು. ಮೀಟರಿನ ಮೊನೆ ಅದನ್ನು ಚುಚ್ಚಿಕೊಂಡು ಹೋಗುತ್ತಿತ್ತು. ಪ್ಲಗ್ಗಿನ ದಪ್ಪ ಮೊಳೆ ಅದನ್ನೇ ಸುತ್ತಿಕೊಂಡು ಕೂರುತ್ತಿತ್ತು. ಎಲ್ಲ ದೀಪಗಳ ಕರೆಂಟೂ ವಾಪಸು ಹೋಗುವ ಅರ್ತಿನ ತೂತಿಗೇ ಪ್ರಸಾದ ಹೆಚ್ಚಾಗಿ ಬಿದ್ದಿತ್ತು. ಅರ್ತ್ ಕೈಕೊಟ್ಟರೆ ದೀಪಗಳು ಹೀಗೇ ಕುಣಿಯುತ್ತವೆಂದು ಮೊದಲ ವರ್ಷದ ಡಿಪ್ಲೊಮಾ ಹುಡುಗರೂ ಹೇಳುತ್ತಾರೆ. ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು. "ತಪ್ಪು ನನ್ನದು, ಫೋನಿನಲ್ಲಿ ಹಾಗೆ ಮಾತಾಡಬಾರದಿತ್ತು" ಎಂದು ಅವನ ಕೈ ಹಿಡಿದುಕೊಂಡೆ.

ವಿರೆಮು ನಗಲಿಲ್ಲ. "ನಮ್ಮಲ್ಲೂ ಹೊಸದೇನಾದರೂ ಶುರು ಮಾಡುವಾಗ ಕರಕಿಯ ಹೇಳ್ತೀವಿ, ಪ್ರಾರ್ಥನೆ" ಎಂದ. ಗಾಡಿಯಿಂದ ಸ್ಪ್ರೇ ಡಬ್ಬಿ, ಹಳೇ ಹಲ್ಲುಜ್ಜುವ ಬ್ರಶ್ಶು ತಂದು ಮಂಡಿಯೂರಿ ಕೂತ. "ಆದರೆ ನಾವು ಅದನ್ನ ಬಾಯಲ್ಲಿ ಹೇಳ್ತೀವಿ ಬ್ರೋ. ತೂತೊಳಗೆ ತುಂಬಲ್ಲ."

ಅವನು ಬ್ರಶ್ಶಿನಿಂದ ಉಜ್ಜುತ್ತಿದ್ದಾಗ ನನಗೆ ನಮ್ಮಪ್ಪ ನೆನಪಾದರು. ಮೈಸೂರಿನ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಓಡಿಸುತ್ತಿದ್ದರು. ಆಯುಧಪೂಜೆಯ ದಿನ ನಾನೊಮ್ಮೆ ಆ ಯಂತ್ರದ ಉಳಿ ಜಾರುವ ನುಣುಪು ಪಟ್ಟಿಗೆಲ್ಲ ಗಂಧ ಬಳಿದಿದ್ದೆ. ಅಪ್ಪ ಬೈಯಲಿಲ್ಲ. ಬಟ್ಟೆ ತೆಗೆದುಕೊಂಡು ಒರೆಸುತ್ತ, "ಕೆಲಸ ಮಾಡೋ ಜಾಗಕ್ಕೆ ಹಚ್ಬಾರ್ದು ಕಣೋ, ಪಕ್ಕದಲ್ಲಿ ಹಚ್ಚು" ಎಂದಿದ್ದರು. ಅಪ್ಪ ಹೇಳಿದ್ದರಲ್ಲಿ ಅರ್ಧವನ್ನು, ಹಚ್ಚು ಎಂಬುದನ್ನು ಮಾತ್ರ, ನಾನು ಇಷ್ಟು ದೂರ ಹೊತ್ತುಕೊಂಡು ಬಂದಿದ್ದೆ.

ದೀಪಗಳು ಹತ್ತಿದವು, ಒಂದೊಂದೂ ತನ್ನ ತನ್ನ ಸರದಿಯಲ್ಲಿ. ವಾಣಿ ಮೆಟ್ಟಿಲಿಂದ ಎದ್ದು ವಿರೆಮುವಿನ ಕೈಗೆ ಚಪಾತಿಯ ಒಂದು ಪೊಟ್ಟಣ ಕೊಟ್ಟು, ರಜಾಯಿಗಳನ್ನು ಟ್ರೇಲರಿಗೆ ಎಸೆದು ಕಾರು ಹತ್ತಿದಳು.

ಟ್ರೇಲರ್ ಕಟ್ಟಿಕೊಂಡವನು ತೊಂಬತ್ತು ದಾಟುವಂತಿಲ್ಲ. ಘಾಟಿಯಲ್ಲಿ ಕರೆಂಟು ಕೈಬಿಟ್ಟು ಪೆಟ್ರೋಲ್ ಎಂಜಿನ್ ಎದ್ದು ಗೊಣಗುತ್ತ ಎಳೆಯಿತು. ನಮ್ಮ ಹಿಂದೆ ಹತ್ತಿಪ್ಪತ್ತು ಗಾಡಿ ಸಾಲಾಗಿ ಬರುತ್ತಿದ್ದವು. ಅಷ್ಟು ಜನರ ಮುಂದಾಳು ನಾನು ಹಿಂದೆಂದೂ ಆಗಿರಲಿಲ್ಲ. ಟೌರಂಗಾದಲ್ಲಿ ಉಯ್ಯಾಲೆ ಹೇರಿ, ಕಟ್ಟಿ, ಸಂಜೆಯ ಬಿಸಿಲಿರುವಾಗಲೇ ಮನೆ ಮುಟ್ಟಿದೆವು. ಟ್ರೇಲರನ್ನು ರಿವರ್ಸ್ ಮಾಡುವ ವಿದ್ಯೆ ಮಾತ್ರ ನನಗೆ ಒಲಿಯಲಿಲ್ಲ. ಎಡಕ್ಕೆ ಹೋಗೆಂದರೆ ಅದು ಬಲಕ್ಕೆ ಹೋಗುತ್ತಿತ್ತು. ಮೂರು ಸಲ ಎದುರು ಮನೆಯ ಹುಲ್ಲು ತುಳಿದ ಮೇಲೆ, ಬಿಚ್ಚಿ, ಮೂವರೂ ಸೇರಿ ಕೈಯಿಂದಲೇ ತಳ್ಳಿಕೊಂಡು ಬಂದೆವು.

ಚೌಕಟ್ಟು ನಿಲ್ಲಿಸಿ ಸರಪಳಿ ಸಿಕ್ಕಿಸಿದ್ದಾಯಿತು. ವಾಣಿ ಕುಂಕುಮದ ಬಟ್ಟಲು ತಂದಳು. ಬೆಳಗಿನ ಕಥೆಯ ಜೊತೆಗೆ ಅಪ್ಪನ ಮಾತನ್ನೂ ದಾರಿಯುದ್ದಕ್ಕೂ ಅವಳಿಗೆ ಹೇಳಿದ್ದೆ. ಅವಳು ಸರಪಳಿಯ ಕೊಂಡಿ ನೋಡಿದಳು, ಬಿಟ್ಟಳು. ಹಲಗೆಯ ಅಂಚಿಗೊಂದು ಬೊಟ್ಟಿಟ್ಟಳು. ಆಮೇಲೆ ನನ್ನ ಕಡೆ ಬಂದು ನನ್ನ ಹಣೆಗೆ ಒಂದು ಇಟ್ಟಳು, ಸಾಕಷ್ಟು ದೊಡ್ಡದೇ.

"ಇಲ್ಲಿ ಹಚ್ಚಬಹುದಲ್ರೀ" ಎಂದಳು. "ಇದೇನು ಕೆಲಸ ಮಾಡೋ ಜಾಗ ಅಲ್ಲ."

ಇಂಚರ ಬಿದ್ದು ಬಿದ್ದು ನಕ್ಕಳು. ವಾಣಿ ಉಯ್ಯಾಲೆಯ ಮೇಲೆ ಕಾಲು ಮಡಚಿ ಕೂತು, ಒಂದು ಕಾಲಿನಿಂದ ನೆಲವನ್ನು ಮೆಲ್ಲಗೆ ಒದ್ದು, ಕಣ್ಣು ಮುಚ್ಚಿಕೊಂಡಳು. ನಾನು ಮಲಗುವ ತನಕ ಹಣೆ ಒರೆಸಿಕೊಳ್ಳಲಿಲ್ಲ.