ಇಸ್ತಿಯಾಕನ ತೋಟಾ

ಸುರುವಾಗದ ಪಂಪು, ಬಾರದ ಬಸ್ಸು, ಚುನಾವಣೆಯ ಭಾಷಣ, ಅವಲಕ್ಕಿ ತಿಂದು ಚಹಾ ಕುಡಿದು ಕಡೆಗೆ ಹುಡುಗಿ ಒಲ್ಲೆವೆಂದು ಹೋದ ಬೀಗರು, ನಮ್ಮ ಹೆಬ್ಬಳ್ಳಿಯಲ್ಲಿ ಇವೆಲ್ಲಕ್ಕೂ ಒಂದೇ ಹೆಸರು: ‘ಇಸ್ತಿಯಾಕನ ತೋಟಾ’. ತೋಟಾ ಎಂದರೆ ಬಂದೂಕಿಗೆ ಹಾಕುವ ಕಾಡತೂಸು. ಇಸ್ತಿಯಾಕ ಯಾರೆಂದು ಈಗಿನವರಿಗೆ ಗೊತ್ತಿಲ್ಲ. ಹಿಂದಿನ ಕಾಲದ ಯಾವನೋ ಮೋಸಗಾರ ಎಂದುಕೊಂಡಿದ್ದಾರೆ. ಅವನು ಹುಬ್ಬಳ್ಳಿಯಲ್ಲಿದ್ದಾನೆ, ಎಪ್ಪತ್ತೊಂದು ವರ್ಷ. ಮೋಸ ಮಾಡಿದವನು ಅವನಲ್ಲ. ಇಷ್ಟು ಹೇಳಲಿಕ್ಕೆ ನನಗೆ ಇಪ್ಪತ್ತಾರು ವರ್ಷ ಹಿಡಿಯಿತು.

ನಾನು ಸುಳ್ಳು ಹೇಳುವ ಮನುಷ್ಯ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೇಡು ಬಯಸುವ ಸುಳ್ಳಲ್ಲ, ಕಟ್ಟೆಯ ಮೇಲೆ ಕೂತು ಹೇಳುವ ಸುಳ್ಳು. ನಮ್ಮಜ್ಜನ ಬಂದೂಕಿನ ನಳಿಗೆ ಎಷ್ಟು ಉದ್ದವಿತ್ತೆಂದರೆ ಸೋಮವಾರ ಕುದುರೆ ಎಳೆದರೆ ಗುಂಡು ಹೊರಬೀಳುತ್ತಿದ್ದದ್ದು ಮಂಗಳವಾರ. ನಡುವೆ ಅಜ್ಜ ಊಟ ಮಾಡಿ, ನಿದ್ದೆ ಮಾಡಿ, ಮುಖ ತೊಳೆದು ಬರುತ್ತಿದ್ದ. ಇಂಥವು. ನಮ್ಮದು ಲಿಂಗವಂತರ ಮನೆ, ಜೀವ ತೆಗೆಯುವುದಿಲ್ಲ. ಶೇಂಗಾ ಹೊಲಕ್ಕೆ ಕಾಡಹಂದಿ ನುಗ್ಗಿದರೆ ಆಕಾಶಕ್ಕೆ ಹೊಡೆದು ಅಂಜಿಸುತ್ತೇವೆ, ಅಷ್ಟೇ. ಐವತ್ತು ವರ್ಷ ಆಕಾಶಕ್ಕೆ ಗುರಿಯಿಟ್ಟಿದ್ದೇನೆ, ಒಮ್ಮೆಯೂ ತಪ್ಪಿಲ್ಲ.

ಆ ಬಂದೂಕಿಗೆ ತೋಟಾ ತುಂಬಿಕೊಡುತ್ತಿದ್ದವನು ಇಸ್ತಿಯಾಕ. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಎರಡು ಬಾಗಿಲಿನ ಅಂಗಡಿ. ಅವನ ತಂದೆ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಮಗ ಒಬ್ಬ ಮುದುಕ ಮಿಸ್ತ್ರಿಯ ಕೈಕೆಳಗೆ ಹನ್ನೊಂದು ವರ್ಷ ಕಲಿತು ಪರವಾನಗಿ ತೆಗೆಸಿದ. ದಪ್ಪ ಕಾಗದದ ಕೊಳವೆ, ಕೆಳಗೆ ಹಿತ್ತಾಳೆಯ ತಳ. ಅದರೊಳಗೆ ಮದ್ದು, ಮೇಲೆ ರಟ್ಟಿನ ಬಿಲ್ಲೆ, ಅದರ ಮೇಲೆ ಛರ್ರಾ ಎಂಬ ಸೀಸದ ಸಣ್ಣ ಗುಂಡು, ಕಡೆಗೆ ಇನ್ನೊಂದು ಬಿಲ್ಲೆ ಇಟ್ಟು ಬಾಯಿ ಮಡಿಚುತ್ತಿದ್ದ. ಒಳಗಿನ ಬಿಲ್ಲೆಯ ಮೇಲೆ, ಯಾರಿಗೂ ಕಾಣದ ಜಾಗದಲ್ಲಿ, ನೀಲಿ ಪೆನ್ಸಿಲ್ಲಿನಿಂದ ತಿಂಗಳು, ವರ್ಷ ಬರೆದು ಒಂದು ಗೀಟು ಎಳೆಯುತ್ತಿದ್ದ. ತೂಕ ಎರಡು ಸಲ ನೋಡಿದ ಮೇಲೆಯೇ ಆ ಗೀಟು.

“ಒಳಗಿಂದು ಯಾರ ನೋಡ್ತಾರೋ ಮಾರಾಯಾ?” ಎಂದು ಕೇಳಿದ್ದೆ.

“ನಾ ನೋಡೇನಲ್ರಿ ಗೌಡ್ರ,” ಎಂದಿದ್ದ.

ಅವನು ಮದ್ದು ಅಳೆಯುವಾಗ ಯಾರೂ ಮಾತಾಡುವಂತಿರಲಿಲ್ಲ. ನಾನು ಹಂದಿಯ ಕಥೆ ತೆಗೆದರೆ ಕೈ ನಿಲ್ಲಿಸಿ ಕೂತುಬಿಡುತ್ತಿದ್ದ. “ನಿಮ್ಮ ಹಂದಿ ಓಡಿ ಹೋಗೂತನಾ ನಾ ಕೈ ಹಚ್ಚಂಗಿಲ್ರಿ. ಲಗೂ ಓಡಸ್ರಿ ಅದನ್ನ.” ಒಳಗಿನಿಂದ ಅವನ ಹೆಂಡತಿ ಗುಲ್ಜಾರಬಿ ಚಹಾ ಕಳಿಸುತ್ತಿದ್ದಳು. ನನ್ನ ಕಥೆಗಳಿಗೆ ಗೋಡೆಯ ಆ ಕಡೆಯಿಂದ ನಗುತ್ತಿದ್ದಳು. ಹೆಬ್ಬಳ್ಳಿ ಮತ್ತು ಸುತ್ತಲಿನ ನಾಲ್ಕು ಊರಿನ ಬಂದೂಕಿನವರೆಲ್ಲ ಅವನಲ್ಲಿಗೇ ಹೋಗುತ್ತಿದ್ದರು, ನಾನೇ ಕರೆದೊಯ್ದು ಪರಿಚಯ ಮಾಡಿಸಿದ್ದೆ.

ತೊಂಬತ್ತೆಂಟರ ದಸರಾ ಮುಗಿದ ವಾರ. ಬೆಳಿಗ್ಗೆ ಏಳು ಗಂಟೆಗೆ ಒಂದು ಒಂಟಿ ಹಂದಿ ನಮ್ಮ ಶೇಂಗಾ ಹೊಲಕ್ಕೆ ಬಂತು. ಶೇಂಗಾ ಕೀಳಲು ಬಂದ ಇಪ್ಪತ್ತು ಹೆಣ್ಣಾಳು ಬದುವಿನ ಮೇಲೆ ನಿಂತಿದ್ದರು. ಪಕ್ಕದ ಹೊಲದ ಶಿದ್ದಪ್ಪ ಆಗ ಮೀಸೆ ಚಿಗುರಿದ ತರುಣ, ಅವನೂ ಓಡಿ ಬಂದ. ನಾನು ತಲೆಯ ಪಟಗಾ ಸರಿಮಾಡಿಕೊಂಡು, “ಕಿವಿ ಮುಚ್ಚಿಕೋರ್ರಿ!” ಎಂದು ಕೂಗಿ ಕುದುರೆ ಎಳೆದೆ. ಟಿಕ್. ಇನ್ನೊಂದು ಹಾಕಿದೆ. ಟಿಕ್. ಹಂದಿ ತಲೆಯೆತ್ತಿ ನನ್ನನ್ನು ನೋಡಿತು. ಅದು ನಕ್ಕಿತು ಎಂದು ಹೇಳುತ್ತ ಬಂದಿದ್ದೇನೆ. ಅದೊಂದು ಸುಳ್ಳನ್ನು ಬಿಡಲಾರೆ. ಹೆಣ್ಣಾಳುಗಳಂತೂ ಕಿವಿ ಮುಚ್ಚಿಕೊಂಡ ಕೈ ಬಿಟ್ಟು, ಸೆರಗು ಬಾಯಿಗೆ ಹಿಡಿದು ನಕ್ಕದ್ದು ಖರೆ. ಹಂದಿ ಸಾವಕಾಶ ಎರಡು ಸಾಲು ಶೇಂಗಾ ತಿಂದು ಹೋಯಿತು.

ಆವತ್ತು ಸಂಜೆ ನಾನು ಕಟ್ಟೆಗೆ ಹೋಗುವ ಹೊತ್ತಿಗೆ ಊರೆಲ್ಲ ನಗುತ್ತಿತ್ತು. ನಗಿಸುವವನಿಗೆ ನಗೆಗೀಡಾಗುವುದು ಗೊತ್ತಿರುವುದಿಲ್ಲ. ಕೂತವನೇ ಹೇಳಿದೆ: “ಬಂದೂಕಿಂದೇನ ತಪ್ಪೈತ್ರಿ? ಆ ಇಸ್ತಿಯಾಕ ಮದ್ದಿನ ಬದ್ಲಿ ಒಲಿ ಬೂದಿ ತುಂಬ್ಯಾನ. ನಾ ಹೊಡದಿದ್ರ ಹಂದಿ ವಿಭೂತಿ ಹಚಗೊಂಡು ಮಠಕ್ಕ ಹೋಗ್ತಿತ್ತು!”

ನಗು ಒಂದೇ ಕ್ಷಣದಲ್ಲಿ ನನ್ನ ಮೇಲಿಂದ ಜಿಗಿದು ಅವನ ಮೇಲೆ ಹೋಯಿತು. ನನಗೆ ಎಷ್ಟು ಹಗುರಾಯಿತು ಎಂದರೆ, ಮರುದಿನ ಅದಕ್ಕೆ ಉಪ್ಪು ಹಚ್ಚಿದೆ, ಅದರ ಮರುದಿನ ಖಾರ. ವಾರದಲ್ಲಿ ಅದು ಗಾದೆಯಾಯಿತು. ನಮ್ಮೂರಿನವರು, ಸುತ್ತಲಿನ ನಾಲ್ಕೂ ಊರಿನವರು ಅವನ ಅಂಗಡಿ ಬಿಟ್ಟರು.

ಇಸ್ತಿಯಾಕ ಒಂದೇ ಸಲ ಹೆಬ್ಬಳ್ಳಿಗೆ ಬಂದ. ಸೈಕಲ್ಲನ್ನು ಬೇವಿನ ಗಿಡಕ್ಕೆ ಆನಿಸಿ, ನಮ್ಮ ಪಡಸಾಲೆಯ ಕೆಳಗೆ ನಿಂತು, “ಆ ತೋಟಾ ಕೊಡ್ರಿ ಗೌಡ್ರ. ನಿಮ್ಮ ಮುಂದನ ಬಿಚ್ಚತೇನಿ. ಒಳಗ ಏನೈತಿ ನೋಡೂಣು,” ಎಂದ.

“ಹೊಲದಾಗ ಒಗದೇನಿ,” ಎಂದೆ. ಒಗೆದಿರಲಿಲ್ಲ. ಟಿಕ್ ಎಂದ ಆ ಎರಡೂ ಸೇರಿ ಇಪ್ಪತ್ತೆರಡು ತೋಟಾ ಅಟ್ಟದ ಮೇಲೆ ಬಿಸ್ಕೀಟಿನ ಡಬ್ಬಿಯಲ್ಲಿದ್ದವು. ಅವನು ನೀರನ್ನೂ ಕುಡಿಯದೆ ಸೈಕಲ್ ಹತ್ತಿ ಹೋದ.

ಹೋದ ವರ್ಷ ಬಂದೂಕಿನ ಲೈಸನ್ಸನ್ನು ಮೊಮ್ಮಗಳು ಶಾಂಭವಿಯ ಹೆಸರಿಗೆ ಮಾಡಿಸಿದೆವು. ಹೊಲ ನೋಡುವವಳು ಈಗ ಅವಳೇ. ಟ್ರ್ಯಾಕ್ಟರಿನ ಮೇಲೆ ಕೂತರೆ ಹಂದಿ ತಾನಾಗಿಯೇ ಓಡುತ್ತದೆ. ಡಬ್ಬಿ ಅವಳ ಕೈಗೆ ಸಿಕ್ಕಿತು. ಧಾರವಾಡದ ಬಂದೂಕಿನ ಅಂಗಡಿಯವರು, ಇಷ್ಟು ಹಳೆಯದನ್ನು ಹೊಡೆಯಬಾರದು, ಆದರೆ ಬಿಚ್ಚಿಸಿದರೆ ಛರ್ರಾ, ಹಿತ್ತಾಳೆ ಮತ್ತೆ ಉಪಯೋಗಕ್ಕೆ ಬರುತ್ತವೆ, ನಾವೇ ತೆಗೆದುಕೊಳ್ಳುತ್ತೇವೆ ಎಂದರಂತೆ. ಬಿಚ್ಚುವವನು ಹುಬ್ಬಳ್ಳಿಯಲ್ಲಿ ಒಬ್ಬನೇ ಮಿಸ್ತ್ರಿ ಎಂದು ವಿಳಾಸ ಬರೆದು ಕೊಟ್ಟಿದ್ದರು. ಓಣಿಯ ಹೆಸರು ಓದಿದ ಕೂಡಲೇ ಹೊಟ್ಟೆನೋವಿನ ನೆಪ ಹೇಳಿ ಮಲಗಿಬಿಟ್ಟೆ. ಶಾಂಭವಿ ಬಿಡಲಿಲ್ಲ. “ನಿಮ್ಮ ಹೆಸರಲೆ ಲೈಸನ್ಸ್ ಇದ್ದಾಗಿನ ತೋಟಾ ಇವು. ನೀವ ಬರಬೇಕು, ಏಳ್ರಿ ಅಜ್ಜಾ,” ಎಂದು ಕಾರಿನಲ್ಲಿ ತುಂಬಿದಳು.

ಅಂಗಡಿ ಅರ್ಧವಾಗಿತ್ತು, ಒಂದೇ ಬಾಗಿಲು. ಸುತ್ತ ಔಷಧಿ ಹೊಡೆಯುವ ಪಂಪುಗಳು, ಕೀಲಿ, ಹೊಲಿಗೆ ಯಂತ್ರದ ಚಕ್ರಗಳು. ತೋಟಾ ತುಂಬುವುದನ್ನು ಅವನು ಎಂದೋ ಬಿಟ್ಟಿದ್ದ. ಈಗ ಬೇರೆಯವರು ತುಂಬಿದ್ದನ್ನು ಬಿಚ್ಚುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ನೋಡಿದ, ಗುರುತು ಹಿಡಿದ, “ಕುಂದರ್ರಿ,” ಎಂದಷ್ಟೇ ಹೇಳಿದ.

ಅಂಗಡಿಯ ಹಿಂದಿನ ಬಯಲಿನಲ್ಲಿ ಕಟ್ಟಿಗೆಯ ಮಣೆ ಹಾಕಿ, ಪಕ್ಕದಲ್ಲಿ ನೀರಿನ ಬಕೆಟ್ಟು ಇಟ್ಟು ಕೂತ. ಡಬ್ಬಿಯ ಮುಚ್ಚಳಕ್ಕೆ ತುಕ್ಕು ಹಿಡಿದಿತ್ತು. ಅದು ಬಿಡಲೊಲ್ಲದ್ದನ್ನು ನೋಡಿ ಶಾಂಭವಿ ನಗುತ್ತ ಅಂದಳು: “ಅಯ್ಯ, ಈ ಮುಚ್ಚಳಾನೂ ಇಸ್ತಿಯಾಕನ ತೋಟಾ ಆತಲ್ರಿ ಕಾಕಾ!”

ಅವನು ಮುಚ್ಚಳದ ಮೇಲೆ ಕೈಯಿಟ್ಟುಕೊಂಡೇ ಕೇಳಿದ. “ಹಂಗಂದ್ರ ಏನವ್ವಾ?”

“ನಮ್ಮೂರಾಗ ಹಂಗ ಅಂತಾರ್ರಿ. ಯಾವನೋ ಒಬ್ಬ ಬೂದಿ ತುಂಬಿ ಮಾರ್ತಿದ್ನಂತ. ನಮ್ಮಜ್ಜ ಭಾಳ ಛಲೋ ಹೇಳ್ತಾರ, ಕೇಳ್ರಿ ಬೇಕಾದ್ರ.”

“ಇಸ್ತಿಯಾಕ ನಾನ ಅವ್ವಾ.”

ಶಾಂಭವಿ ನನ್ನ ಕಡೆ ತಿರುಗಿದಳು. ನಾನು ಬಕೆಟ್ಟಿನೊಳಗಿನ ನೀರನ್ನು ನೋಡುತ್ತಿದ್ದೆ. 

ಮುಚ್ಚಳ ಕಿತ್ತು ಬಂತು. ಅವನು ಸಣ್ಣ ಚೂರಿಯಿಂದ ಮೊದಲ ತೋಟಾದ ಬಾಯಿ ಬಿಡಿಸಿ ಛರ್ರಾವನ್ನು ತಟ್ಟೆಗೆ ಸುರಿದ. ಒಳಗಿನ ಬಿಲ್ಲೆಯನ್ನು ಎತ್ತಿದ. ನೀಲಿ ಗೀಟು ಮಬ್ಬಾಗಿ ಹರಡಿತ್ತು. ಅದರ ಕೆಳಗಿನ ಮದ್ದು ಬೂದಿಯಲ್ಲ. ಕಪ್ಪಗೆ, ಬೆಲ್ಲದ ಗಟ್ಟಿಯ ಹಾಗೆ ಹೆಪ್ಪುಗಟ್ಟಿತ್ತು. ಎರಡನೆಯದೂ ಹಾಗೆಯೇ, ಮೂರನೆಯದೂ. ಕಾಗದದ ಮಡಿಕೆಯೊಳಗೆ ಕುಂಕುಮದ ಕೆಂಪು ಕಲೆ, ಭಂಡಾರದ ಹಳದಿ. ಆಮೇಲೆ ಡಬ್ಬಿಯ ತಳದಲ್ಲಿ ಬೇರೆ ಕಾಗದದಲ್ಲಿ ಸುತ್ತಿಟ್ಟಿದ್ದ ನಾಲ್ಕನ್ನು ಬಿಚ್ಚಿದ. ಅವುಗಳ ಮದ್ದು ಒಣಗಿತ್ತು, ಹರಳು ಹರಳಾಗಿ ಉದುರಿತು. ಗೀಟು ನಿನ್ನೆ ಎಳೆದಂತಿತ್ತು. ಅವನು ಹಳೆಯ ತಕ್ಕಡಿ ತಂದು ನಾಲ್ಕನ್ನೂ ತೂಗಿದ. ಮುಳ್ಳು ನಾಲ್ಕು ಸಲವೂ ಒಂದೇ ಕಡೆ ನಿಂತಿತು.

“ತೂಕ ಸರಿ ಅದಾವು,” ಎಂದ, ತನಗೆ ತಾನೇ. ಆಮೇಲೆ ನನಗೆ: “ಉಳದವಕ್ಕ ನೀರು ಹೆಂಗ ಹತ್ತಿತ್ರಿ ಗೌಡ್ರ?”

ನನಗೆ ಗೊತ್ತಿತ್ತು. ತೊಂಬತ್ತೆಂಟರಲ್ಲಿಯೂ ಗೊತ್ತಿತ್ತು, ಅದೇ ನಾಚಿಕೆಗೇಡು. ಆ ವರ್ಷ ದಸರಾದಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆಗೆ ಎಲ್ಲರೂ ಕುಡ, ಕುಡಗೋಲು, ಟ್ರ್ಯಾಕ್ಟರು ತೊಳೆದರು. ಬಂದೂಕಿಗೆ ಬರೇ ಕುಂಕುಮ ಹಚ್ಚಿದರೆ ಗೌಡನ ಮಾನ ಉಳಿಯುವುದೇ? ತೋಟಾಗಳನ್ನು ಪರಾತದಲ್ಲಿ, ಹಿತ್ತಾಳೆಯ ಅಗಲ ತಟ್ಟೆಯಲ್ಲಿ, ಸಾಲಾಗಿ ನಿಲ್ಲಿಸಿ, ಹಾಲು, ನೀರು, ಮತ್ತೆ ಹಾಲು ಎಂದು ನಾನೇ ಐದು ಸಲ ಅಭಿಷೇಕ ಮಾಡಿದೆ. ಮನೆಯವರು ಬೇಡವೆಂದರು. “ಸಿಡಿಲಿಗೆ ಮಳಿ ಬಿದ್ರ ಸಿಡಿಲ ಆರತೈತೇನ?” ಎಂದೆ. ಪರಾತದಲ್ಲಿ ಹಿಡಿಯದೆ ಉಳಿದ ನಾಲ್ಕನ್ನು ಹಾಗೆಯೇ ಸುತ್ತಿಟ್ಟಿದ್ದೆ. ಮೊದಲ ಟಿಕ್ ಕೇಳಿದಾಗಲೇ ಆ ಪರಾತ ಕಣ್ಣ ಮುಂದೆ ಬಂದಿತ್ತು.

ಇದನ್ನೆಲ್ಲ ಹೇಳಿದೆ. ಎಲ್ಲೂ ಹಾಸ್ಯ ಸೇರಿಸಲಿಲ್ಲ, ಆದರೂ ಕಥೆಯೇ ಹಾಸ್ಯದ್ದು. ಅದು ಇನ್ನಷ್ಟು ಕೆಟ್ಟದಾಗಿ ಕೇಳಿಸಿತು. ಶಾಂಭವಿ ಎದ್ದು ಹೋಗಿ ಕಾರಿನ ಬಳಿ ನಿಂತಳು.

“ತಪ್ಪಾತು ಇಸ್ತಿಯಾಕ,” ಎಂದೆ.

“ನನ್ನ ಮುಂದ ಹೇಳಿ ಏನ ಮಾಡ್ತೀರಿ? ನನಗ ನನ್ನ ಗೀಟು ಗೊತ್ತಿತ್ತು. ಗುಲ್ಜಾರಬಿ ಹೋಗಿ ಎಂಟ ವರ್ಷ ಆತು. ಸಾಯೂತನಾ ಕೇಳಾಕಿ, ಖರೇ ಹೇಳ್ರಿ, ಆವತ್ತ ನೀವೇನರೆ ತಪ್ಪ ತೂಗಿದ್ರೇನು ಅಂತ.” ಅವನು ಛರ್ರಾದ ತಟ್ಟೆಯನ್ನು ಅಲ್ಲಾಡಿಸಿ ಸಮ ಮಾಡಿದ. “ಎಲ್ಲಿ ಹೇಳಿದ್ರಿ, ಅಲ್ಲೇ ಹೇಳ್ರಿ.”

ಅದೇ ಸಂಜೆ ಕಟ್ಟೆಗೆ ಹೋದೆ. ಏಳು ಜನರಿದ್ದರು. ಪರಾತ, ಹಾಲು, ಹೆಪ್ಪುಗಟ್ಟಿದ ಮದ್ದು, ತಕ್ಕಡಿಯ ಮುಳ್ಳು, ಎಲ್ಲ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಗೌಡ್ರ, ಇದು ಹಂದೀಕಿಂತ ಛಲೋ ಐತಿ! ತೋಟಾಕ್ಕ ಪಂಚಾಮೃತ!” ಎಂದರು. ನಾನು ಖರೆ ಎಂದಷ್ಟೂ ನಗು ಹೆಚ್ಚಾಯಿತು. ಆಣೆ ಮಾಡಿದೆ. ನಳಿಗೆಯ ಕಥೆಗೂ ಆಣೆ ಮಾಡಿದ್ದಿರಿ ಎಂದು ನೆನಪಿಸಿದರು.

ಎರಡು ದಿನ ಬಿಟ್ಟು ಇಸ್ತಿಯಾಕನ ಫೋನು ಬಂತು.

“ಹೇಳಿದ್ರೇನು?”

“ಹೇಳಿದೆ.”

“ಏನಂದ್ರು?”

“ನಕ್ಕರು.”

ಆ ಕಡೆಯಿಂದ ಯಾವುದೋ ಪಂಪು ಜಗ್ಗುವ ಸದ್ದು ಬಂತು, ನಿಂತಿತು. “ಹಂಗಾರ ಇನ್ನೊಮ್ಮಿ ಹೇಳ್ರಿ,” ಎಂದು ಇಟ್ಟುಬಿಟ್ಟ.

ಹೇಳಿದೆ. ದಿನಾ ಹೇಳಿದೆ, ಅದೇ ಮಾತು, ಉಪ್ಪಿಲ್ಲದೆ, ಖಾರವಿಲ್ಲದೆ. ಮೂರನೆಯ ದಿನ ನಗು ಕಡಿಮೆಯಾಯಿತು, ಐದನೆಯ ದಿನ ಆಕಳಿಸಿದರು, ವಾರ ತುಂಬುವಾಗ ನನ್ನನ್ನು ದೂರದಿಂದ ಕಂಡು ಮೂವರು ಎದ್ದು ಮನೆಗೆ ಹೋದರು. ಶಿದ್ದಪ್ಪ ಮಾತ್ರ ಉಳಿದ. ಈಗ ಅವನ ಮೀಸೆಯೂ ನರೆತಿದೆ. ಪೂರ್ತಿ ಕೇಳಿ, ನನ್ನ ಮುಖವನ್ನೇ ನೋಡುತ್ತ, “ಖರೇನ ಏನ್ರಿ?” ಎಂದ.

“ಖರೇ.”

“ಆ ವರ್ಷ ನಾ ಅವನ ಅಂಗಡಿಗಿ ಹೋಗಿದ್ದೆ, ಗೌಡ್ರ. ನಮ್ಮ ಗೌಡ್ರನ್ನ ನಗಿಪಾಟ್ಲ ಮಾಡಿದಿ ಅಂತ. ಅವನ ಹೇಣ್ತಿ ಮುಂದ ಅವನ ಮಾರಿ ಮ್ಯಾಲೆ ಉಗುಳಿ ಬಂದೇನಿ. ನಿಮಗ ಹೇಳಿರಲಿಲ್ಲ.”

ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ.

“ಸುಮ್ಮ ಕುಂದರ್ರಿ,” ಎಂದ ಶಿದ್ದಪ್ಪ. ಕಟ್ಟೆಯಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡು, ಹುಬ್ಬಳ್ಳಿಗೆ ಮೊದಲ ಬಸ್ಸು ಎಷ್ಟು ಗಂಟೆಗೆಂದು ಅಂಗಡಿಯವನನ್ನು ಕೇಳಲು ಹೋದ. ನನ್ನನ್ನು ಜೊತೆಗೆ ಬರ್ರಿ ಎಂದು ಕರೆಯಲಿಲ್ಲ.