ಬೀಗರೇ ಪಂಚರಾದಾಗ

ನನ್ನ ಮೊದಲ ಪಂಚಮಿಗೆ ಅಪ್ಪ ಕರೆಯಲು ಬರಲಿಲ್ಲ. ಹೊಸದಾಗಿ ಮದುವೆಯಾದ ಮಗಳನ್ನು ಪಂಚಮಿಗೆ ತವರಿನವರು ಬಂದು ಕರೆದೊಯ್ಯದಿದ್ದರೆ ಓಣಿಯ ಹೆಂಗಸರು ಏನೇನು ಆಡಿಕೊಳ್ಳುತ್ತಾರೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತವರೇನು ದೂರವಿತ್ತೇ? ಅದೇ ಕಮಲಾಪುರ. ಊರಿನ ಆ ತುದಿಗೆ ಅಪ್ಪನ ಮನೆ, ಈ ತುದಿಗೆ ಗಂಡನ ಮನೆ. ನಮ್ಮ ಮಾಳಿಗೆ ಹತ್ತಿ ನಿಂತರೆ ತವರಿನ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ಕಾಣುತ್ತಿತ್ತು. ಅಲ್ಲಿ ನನ್ನ ತಂಗಿ ಜೀಕುತ್ತಿದ್ದಳು, ಇಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ. ಹೊಟ್ಟೆ ಉರಿಯದೆ ಏನಾದೀತು?

ಇದಕ್ಕೆಲ್ಲ ಕಾರಣ ಒಂದು ಬಾವಿ. ನಮ್ಮ ಮಾವ ಮತ್ತು ಅವರ ದಾಯಾದಿ ತಮ್ಮ ಕೂಡಿ ತೋಡಿಸಿದ್ದು. ಆ ತಮ್ಮನನ್ನು ನಾನು ಸಣ್ಣ ಮಾವ ಎನ್ನುತ್ತಿದ್ದೆ. ಬಾವಿಯ ಎರಡೂ ಕಡೆ ಕೆಂಪು ಬಾಳೆಯ ತೋಟ. ನೀರಿನ ವಿಷಯಕ್ಕೆ ತಂಟೆ ಬಂದರೆ ಇಂಥವರು ಪಂಚರು, ಅವರು ಹೇಳಿದ್ದೇ ಕೊನೆಯ ಮಾತು ಎಂದು ಬಾವಿ ತೋಡಿಸಿದಾಗಲೇ ಇಬ್ಬರೂ ವಿಭೂತಿ ಮುಟ್ಟಿ ಕರಾರು ಬರೆಸಿದ್ದರು. ಆ ಇಂಥವರೇ ನಮ್ಮ ಅಪ್ಪ. ಆಗ ಅಪ್ಪ ಇಬ್ಬರಿಗೂ ಬರೀ ಊರವನು. ಆಮೇಲೆ ಮಾವ ನನ್ನನ್ನು ಸೊಸೆ ಮಾಡಿಕೊಂಡರು, ಪಂಚರು ಹೋಗಿ ಬೀಗರಾದರು. ಆ ಬೇಸಿಗೆಯಲ್ಲೇ ತಂಟೆ ಹುಟ್ಟಿತು. ಬೆಳಗಿನ ಮೊದಲ ಪಾಳಿ ಯಾರದು? ಮೊದಲು ನೀರೆತ್ತಿದವರಿಗೆ ತಿಳಿನೀರು, ಆಮೇಲಿನವರಿಗೆ ರಾಡಿ.

“ಪಂಚರ ಮುಂದ ಹೋಗೋಣ” ಎಂದರು ಮಾವ, ಮೀಸೆಯ ಮೇಲೆ ಕೈಯಾಡಿಸಿಕೊಂಡು.

“ಯಾಕ ಬರ್ಲಿ? ನಿಮ್ಮ ಸೊಸೀ ಅಪ್ಪ ನನಗೇನ್ ನ್ಯಾಯ ಹೇಳ್ತಾನ?” ಎಂದು ಸಣ್ಣ ಮಾವ ನೆಟ್ಟಗೆ ಕಲಬುರ್ಗಿಯ ಅದಾಲತ್ತಿಗೆ ಹೋಗಿ ದಾವೆ ಹೂಡಿದರು. ಕರಾರು ಇರುವಾಗ ದಾವೆ ಹೇಗೆ ನಡೆದೀತೆಂದು ಮಾವನ ತಕರಾರು. ಬೀಗರಾದ ಮೇಲೆ ಅದೆಂಥ ಕರಾರೆಂದು ಸಣ್ಣ ಮಾವನದು.

ಅಪ್ಪನೋ, ತಂಟೆ ಎದ್ದ ದಿನದಿಂದ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಪಂಚನಾದವನು ಒಂದು ಪಕ್ಷದವರ ಮನೆಯಲ್ಲಿ ನೀರು ಕುಡಿಯಬಾರದಂತೆ, ಆ ಮನೆಯವರನ್ನು ತನ್ನ ಮನೆಗೆ ಕರೆಯಲೂಬಾರದಂತೆ. ಒಮ್ಮೆ ಸಂತೆಯಲ್ಲಿ ಎದುರಾದ. ನಾನು “ಅಪ್ಪಾ” ಎಂದು ಕೂಗಿದರೆ, ಹುಟ್ಟಿದಂದಿನಿಂದ ಉಳ್ಳಾಗಡ್ಡಿಯನ್ನೇ ಕಂಡಿಲ್ಲವೆಂಬಂತೆ ಉಳ್ಳಾಗಡ್ಡಿ ರಾಶಿಯ ಮುಂದೆ ಬಗ್ಗಿ ಕುಳಿತ. ಕೂತೇ ಇದ್ದ. ಕೊನೆಗೆ ನಾನೇ ಕಣ್ಣೊರೆಸಿಕೊಂಡು ಮನೆಗೆ ಬಂದೆ.

ಹಾಗಾಗಿ ಆ ಕರಾರು ಮುರಿದು ಬೀಳಲಿ ಎಂದು ನಾನು ದಿನಾ ದೇವರಿಗೆ ಕೈಮುಗಿಯುತ್ತಿದ್ದೆ. ಪಕ್ಕದಲ್ಲೇ ನಿಂತ ಅತ್ತೆ ಅದು ಗಟ್ಟಿಯಾಗಿ ನಿಲ್ಲಲಿ ಎಂದು ಕೈಮುಗಿಯುತ್ತಿದ್ದರು. ಆ ದೇವರ ಪಾಡು ಏನಾಗಿತ್ತೋ.

ವರ್ಷ ತಿರುಗಿ ಇನ್ನೊಂದು ಪಂಚಮಿ ಹತ್ತಿರ ಬಂತು. ಸಣ್ಣ ಮಾವನ ವಕೀಲರು ನನ್ನನ್ನೇ ಸಾಕ್ಷಿಗೆ ಕರೆಸಿದರು. ಅತ್ತೆಯ ಜೊತೆ ಗಾಡಿಯಲ್ಲಿ ಕಲಬುರ್ಗಿಗೆ ಹೋದೆ. ಆಗ ನಿಜಾಮರ ರಾಜ್ಯ, ಅದಾಲತ್ತಿನ ಮಾತೆಲ್ಲ ಉರ್ದು. ಮುನ್ಸಿಫರು ಕೇಳುವರು, ಪೇಶ್ಕಾರರು ಅದನ್ನು ಕನ್ನಡಕ್ಕೆ ತಿರುಗಿಸುವರು.

ಮುನ್ಸಿಫರು ವಯಸ್ಸಾದವರು, ಅವಸರವಿಲ್ಲದವರು. ಕರಾರಿಗೆ ಇಬ್ಬರೂ ಮನಸಾರೆ ಒಪ್ಪಿದ್ದೀರೇನು ಎಂದು ಕೇಳಿದರು. ಇಬ್ಬರೂ ಹೌದೆಂದರು. ಈಗಿನ ಜಗಳ ಆ ಕರಾರಿನಲ್ಲಿ ಹೇಳಿದ ನೀರಿನದೇ ಏನು? ಅದಕ್ಕೂ ಹೌದೆಂದರು. ಹಾಗಾದರೆ ಉಳಿದದ್ದು ಒಂದೇ, ಪಂಚನು ಬೀಗನಾದ ಮೇಲೆ ಆ ಮನೆಯವನೇ ಆಗಿಬಿಟ್ಟನೇ? ಆಗಿದ್ದರೆ ಕರಾರು ಹೋಯಿತು, ದಾವೆ ಇಲ್ಲೇ ನಡೆಯುತ್ತದೆ. ಆಗಿಲ್ಲದಿದ್ದರೆ ಇಬ್ಬರೂ ಪಂಚನ ಬಳಿಗೇ ಹೋಗಬೇಕು. ಬಾವಿಯ ನೀರು ಯಾರದೆಂದು ಅವರು ಕೇಳಲೇ ಇಲ್ಲ.

“ನಿಮ್ಮಪ್ಪ ನಿಮ್ಮ ಮನೀಗಿ ಬಂದು ಹೋಗಿ ಮಾಡ್ತಾರೇನಮ್ಮಾ?” ಎಂದರು ಪೇಶ್ಕಾರರು.

ವರ್ಷದಿಂದ ಅದುಮಿಟ್ಟಿದ್ದೆಲ್ಲ ಉಕ್ಕಿತು. ಈ ಕರಾರಿನಿಂದ ಎಂಥ ಅನ್ಯಾಯವಾಗಿದೆ ಎಂದು ತಿಳಿದರೆ ಮುನ್ಸಿಫರು ಅದನ್ನು ಅಲ್ಲೇ ಹರಿದು ಬಿಸಾಕುತ್ತಾರೆ ಎಂದು ನನ್ನ ಲೆಕ್ಕ.

“ಎಲ್ಲಿ ಬರ್ತಾನ್ರೀ? ಪಂಚ ಅದೀನಂತ ಹೇಳಿ ಮೊದಲ ಪಂಚಮಿಗೂ ಕರೀಲಿಲ್ಲ. ನಮ್ಮ ಮನ್ಯಾಗ ಹನಿ ನೀರು ಕುಡದಿಲ್ಲ. ಸಂತ್ಯಾಗ ಕಂಡ್ರ ಮಾರಿ ತಿರುಗಿಸ್ತಾನ. ಅಂವಗ ಮಗಳಕಿಂತ ಆ ಬಾವೀನೇ ಹೆಚ್ಚರೀ.”

ಅಳುತ್ತ ನಿಂತೆ. ಪೇಶ್ಕಾರರು ಅಷ್ಟನ್ನೂ ಬಿಡದೆ ಉರ್ದುವಿನಲ್ಲಿ ಹೇಳಿದರು. ಮುನ್ಸಿಫರ ಮುಖ ಅರಳಿತು. ಸ್ವಂತ ಮಗಳ ಹಬ್ಬಕ್ಕೂ ಕರಗದವನು ಬೀಗನಿಗೆ ಕರಗುವನೇ? ಇಂಥ ಪಂಚ ಸಿಗುವುದೇ ಅಪರೂಪ, ಕರಾರು ಕಾಯಂ ಎಂದರು. ಸಣ್ಣ ಮಾವನ ವಕೀಲರು ನನ್ನನ್ನು ನುಂಗುವಂತೆ ನೋಡಿದರು. ಅತ್ತೆ ಅಲ್ಲೇ ರೋಜಾ ಓಣಿಯ ಬಳೆ ಅಂಗಡಿಗೆ ಕರೆದುಕೊಂಡು ಹೋಗಿ ಕೈತುಂಬ ಬಳೆ ಇಡಿಸಿದರು. ನನಗೆ ಆ ಬಳೆಗಳನ್ನು ಕಂಡರೇ ಸಿಟ್ಟು.

ಪಂಚಮಿಗೆ ಮೊದಲೇ ಅಪ್ಪ ಇಬ್ಬರನ್ನೂ ಬಾವಿಕಟ್ಟೆಗೆ ಕರೆಸಿ ತೀರ್ಪು ಹೇಳಿಬಿಟ್ಟ. ಮೊದಲ ಪಾಳಿ ಸಣ್ಣ ಮಾವನಿಗೆ. ಮಾವನ ಕೈ ಮೀಸೆಯಿಂದ ಜಾರಿ ಗಲ್ಲಕ್ಕೆ ಬಂತು. ಕರಾರು ನಿಲ್ಲಬೇಕೆಂದು ಹಟ ಹಿಡಿದವರೇ ಅವರು, ಈಗ ಯಾರನ್ನು ಬೈಯಬೇಕು?

ಹಬ್ಬದ ಹಿಂದಿನ ದಿನ ಅಪ್ಪ ಹೊಸ ರುಮಾಲು ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದ. ಮಾವ ಕಳಿಸುವರೋ ಇಲ್ಲವೋ. ಅವರು ಬಹಳ ಹೊತ್ತು ಅಡಿಕೆ ಕತ್ತರಿಸಿದರು.

“ಪಾಳಿ ಅಂತೂ ಕೊಡ್ಲಿಲ್ಲ, ಆಕಿಗಿ ಹಬ್ಬಾನಾದ್ರೂ ಛಂದಾಗಿ ಮಾಡಸ್ರಿ, ಬೀಗರೇ” ಎಂದರು ಕೊನೆಗೆ.

ದಾರಿಯಲ್ಲಿ ಅಪ್ಪನ ಬೆನ್ನು ಹತ್ತಿದೆ. “ಅಪ್ಪಾ, ಖರೇ ಹೇಳು. ನಾ ಆ ಮನ್ಯಾಗ ಇರದಿದ್ರ ಮೊದಲ ಪಾಳಿ ಯಾರಿಗಿ ಕೊಡ್ತಿದ್ದಿ?”

ಅಪ್ಪ ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡ.

“ನಿಮ್ಮ ಮಾವಗ” ಎಂದ ಆಮೇಲೆ. “ಬಾವಿ ತೋಡೂ ಮುಂದ ಸಣ್ಣಾಂವ ಎರಡನೇ ಪಾಳಿ ಒಪ್ಪಿದ್ದು ನಾನೇ ಕೇಳೀನಿ. ಆದ್ರ ಬೀಗನ ಕಡೀ ಹೇಳ್ದ ಅಂತ ಊರು ಅಂದೀತು ಅಂತ ಅಂಜಿದೆ, ತಾಯಿ.”

ಅಷ್ಟರಲ್ಲಿ ಎದುರಿಗೆ ಸಣ್ಣ ಮಾವನೇ ಬಂದರು. ರುಮಾಲು ತೆಗೆದು ಅಪ್ಪನಿಗೆ ಬಗ್ಗಿ ಕೈಮುಗಿದರು. “ಬೀಗರ ಕಡೀ ಅದೀರಿ ಅಂತ ನಾ ತಪ್ಪು ತಿಳಕೊಂಡಿದ್ದೆರೀ. ನಿಮ್ಮಂಥ ಪಂಚ ಈ ಸೀಮ್ಯಾಗೇ ಇಲ್ಲ.”

ಅಪ್ಪ ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿ ಸರಸರನೆ ಮನೆಯ ಕಡೆ ನಡೆದುಬಿಟ್ಟ.