ಅಪ್ಪಿಯಕ್ಕನ ಸೊಪ್ಪಿನ ತೋಟ

ಬೆಳಿಗ್ಗೆ ಮೀನು ತೊಳೆದ ನೀರನ್ನು ಅಪ್ಪಿಯಕ್ಕ ಚೆಲ್ಲುವುದಿಲ್ಲ. ಮುಚ್ಚಳದ ಬಕೆಟಿಗೆ ತುಂಬಿಸಿ, ಕುಂಟುತ್ತಾ ಶಾಲೆಯ ಹಿಂದಿನ ಗೇಟು ದಾಟಿ, ಬಸಳೆ ಚಪ್ಪರದ ಬುಡಕ್ಕೆ ಹೊಯ್ಯುತ್ತಾರೆ. ಮಳೆ ಸುರಿಯುತ್ತಿದ್ದರೂ ಬಿಡುವುದಿಲ್ಲ. "ಬರೀ ಮಳೆ ನೀರಲ್ಲಿ ಎಂತ ಸತ್ವ ಉಂಟು?" ಎನ್ನುತ್ತಾರೆ. ಮನೆಯಲ್ಲಿ ಮೀನಿಲ್ಲದ ದಿನ ನೆರೆಯವರಲ್ಲಿ ಕೇಳುತ್ತಾರೆ. ಸೋಮವಾರ ನಾನು ಮೀನು ಮುಟ್ಟುವವಳಲ್ಲ. ಆ ದಿನ ನಮ್ಮ ಮನೆಯಿಂದ ಅಕ್ಕಿ ತೊಳೆದ ನೀರು ಹೋಗುತ್ತದೆ.

ಅವರು ಹುಟ್ಟಿದ್ದು ಕಾಪು ಕಡಲ ಬದಿಯಲ್ಲಿ, ಮದುವೆಯಾಗಿ ಬಂದದ್ದು ನಮ್ಮ ಇನ್ನಂಜೆಗೆ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದರು. ಮೊಣಕಾಲು ಕೈಕೊಟ್ಟ ಮೇಲೆ ಬುಟ್ಟಿ ಮೂಲೆ ಸೇರಿತು. ಹಾಗೆ ಕುಳಿತಿದ್ದ ಒಂದು ಮಳೆಗಾಲದಲ್ಲಿ ಶಾಲೆಯ ಬೇಲಿಯಾಚೆ ಮಕ್ಕಳು ಒಂದೆಲಗವನ್ನು ತುಳಿದುಕೊಂಡು ಆಡುವುದನ್ನು ಕಂಡು, ಒಬ್ಬಳನ್ನು ಕರೆದು ಎಲೆ ಕಿತ್ತು ತಿನ್ನಿಸಿದರು. ಮರುದಿನ ಟೀಚರೇ ಬಂದು, ಶನಿವಾರಕ್ಕೊಮ್ಮೆ ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಡುತ್ತೀರಾ ಎಂದು ಕೇಳಿದರು.

ಶಾಲೆಯ ಹಿಂದಿನ ಜಾಗ ತೋಟವಾದದ್ದು ಹಾಗೆ. ನೆಟ್ಟದ್ದು ಬಸಳೆ, ಬೆಂಡೆ, ಹರಿವೆ. ಉಳಿದದ್ದು ಆಟಿ ತಿಂಗಳ ಮಳೆಗೆ ತಾನಾಗಿ ಏಳುವ ತಜಂಕ್, ಕೆಸು, ಹೊನಗೊನ್ನೆ. ಗದ್ದೆ ಕೆಲಸ ಮುಗಿದು, ದೋಣಿಗಳು ದಡದಲ್ಲಿದ್ದು, ಮನೆಯಲ್ಲಿ ಏನೂ ಇಲ್ಲದ ಆ ತಿಂಗಳಲ್ಲಿ ಹಿಂದಿನವರ ಹೊಟ್ಟೆ ತುಂಬಿಸಿದ ಸೊಪ್ಪುಗಳು ಅವು. ಅಪ್ಪಿಯಕ್ಕನ ಪಾಠ ಮುಖ್ಯವಾಗಿ ಅವುಗಳದ್ದೇ.

ಆದರೆ ಬೆಂಡೆ, ಹರಿವೆ ಏಳಲು ನವಿಲು, ದನ ಬಿಡುತ್ತಿರಲಿಲ್ಲ. ಬೇಸಗೆಯಲ್ಲಿ ನೀರೂ ಇಲ್ಲ. ಶಾಲಾ ಸಮಿತಿಯಲ್ಲಿ ಕೆಲವರಿಗೆ ಆ ಜಾಗದಲ್ಲಿ ಇಂಟರ್‌ಲಾಕ್ ಕಲ್ಲು ಹಾಸಿ ಶಾಲೆಯ ವ್ಯಾನು ನಿಲ್ಲಿಸುವ ಮನಸ್ಸು. ಸಮಿತಿಯ ಅಧ್ಯಕ್ಷ ಧನರಾಜ್ ಉಡುಪಿಯಲ್ಲಿ ಹೋಟೆಲು ನಡೆಸುವವನು. ಅವನ ತಾಯಿ ಅಪ್ಪಿಯಕ್ಕನ ಹಳೆಯ ಗಿರಾಕಿ. ಅವನು ಹೇಗೋ ಒಂದು ಗಡುವು ಕೊಡಿಸಿದ. "ಆಟಿ ಕಳೆದು ಸೋಣ ಸಂಕ್ರಮಣ ಬರುವುದರೊಳಗೆ ಬೇಲಿಗೆ, ಟ್ಯಾಂಕಿಗೆ ಎಲ್ಲಿಂದಾದರೂ ಸಹಾಯ ತನ್ನಿ, ಅಪ್ಪಿಯಕ್ಕ. ಆಮೇಲೆ ನನ್ನ ಮಾತು ನಡೆಯುವುದಿಲ್ಲ."

ಅರ್ಜಿ ಬರೆದವಳು ನಾನು. ಶಾಲೆಯ ಪಕ್ಕದಲ್ಲಿ ಹೊಲಿಗೆ ಹಾಕುವವಳಿಗೆ ಅರ್ಜಿಯ ಭಾಷೆ ಎಲ್ಲಿಂದ ಬರಬೇಕು? ಅವರು ಹೇಳುತ್ತಾ ಹೋದದ್ದನ್ನು ಕೇಳಿಸಿಕೊಂಡು, ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿದೆ. ಉಡುಪಿಯ ಒಂದು ಕಚೇರಿ, ಒಬ್ಬರ ಹೆಸರಲ್ಲಿ ಕೊಡುವುದಿಲ್ಲ, ಸಂಘ ಬೇಕು ಎಂದಿತು. ಮಕ್ಕಳ ತಾಯಂದಿರ ಸ್ವಸಹಾಯ ಸಂಘದ ಹೆಸರಲ್ಲಿ ಕಾರ್ಕಳಕ್ಕೆ ಕಳಿಸಿದೆವು. ಅಲ್ಲಿಯವರು, ಈ ವರ್ಷದ್ದು ಮುಗಿಯಿತು ಎಂದರು. ಉಳಿದದ್ದು ಮಣಿಪಾಲದ ಒಂದು ಟ್ರಸ್ಟ್ ಮಾತ್ರ, ಅದಕ್ಕೂ ಸಂಘದ ಹೆಸರಲ್ಲೇ ಕಳಿಸಿದೆವು. ನೆಲದಲ್ಲಿ ತಾನಾಗಿ ಬೆಳೆಯುವ ಆಹಾರವನ್ನು ಮಕ್ಕಳಿಗೆ ಪರಿಚಯಿಸುವ ಪಾಠ ಎಂದು ಬರೆದದ್ದು ಅವರಿಗೆ ಹಿಡಿಸಿತು. ನೋಡಲು ಶರ್ಮಿಳಾ ಎಂಬವರು ಮಂಗಳವಾರ ಬರುತ್ತಾರೆ ಎಂದು ಫೋನ್ ಬಂತು. ಅಪ್ಪಿಯಕ್ಕ ನನ್ನ ಕೈ ಹಿಡಿದುಕೊಂಡರು.  ಸಂಜೆ ದೀಪದ ಮುಂದೆ ನಾನು ಅವರ ಪರವಾಗಿಯೂ ಕೈಮುಗಿದೆ.

ಸೋಮವಾರ ಅವರು ತಪ್ಪದೆ ಕಾಪುವಿಗೆ ಹೋಗಬೇಕಾಗಿತ್ತು. ತೀರಿಹೋದ ಹಿರಿಯರಿಗೆ ಆಟಿಯಲ್ಲಿ ಬಡಿಸುವ ದಿನ ಅದು. ಹೋಗುವಾಗ ತಾಯಂದಿರಿಗೆ, "ಶಾಲೆಯ ಜಗಲಿ ಒಂದು ಗುಡಿಸಿ ಇಡಿ" ಎಂದಷ್ಟೇ ಹೇಳಿದ್ದರು. ನಾನೂ ಆ ದಿನ ಬಟ್ಟೆ ತರಲು ಉಡುಪಿಗೆ ಹೋಗಿದ್ದೆ.

ಮಂಗಳವಾರ ಬೆಳಿಗ್ಗೆ ನಾವಿಬ್ಬರೂ ಬಕೆಟು ಹಿಡಿದು ಗೇಟಿಗೆ ಬಂದು ನಿಂತೆವು. ಬಸಳೆ ಚಪ್ಪರ ಬಿಟ್ಟರೆ ಇಡೀ ಜಾಗ ಬೋಳು. ಕೆಂಪು ಮಣ್ಣಿನ ಮೇಲೆ ಗುಡಿಸಿದ ಹಿಡಿಸೂಡಿಯ ಗೆರೆಗಳು. ಬದಿಯಲ್ಲಿ ಯಾರದೋ ಮನೆಯಿಂದ ತಂದಿಟ್ಟ ಕ್ರೋಟನ್ ಕುಂಡಗಳು. ಐದನೆಯ ತರಗತಿಯ ಹುಡುಗಿಯ ತಾಯಿ ಯಶ್ಮಿತಾ ಹೊಸ ಸೀರೆಯುಟ್ಟು ನಗುತ್ತಾ ಬಂದಳು.

"ಹೇಗುಂಟು, ಅಪ್ಪಿಯಕ್ಕ? ಮದುವೆಮನೆ ಅಂಗಳದ ಹಾಗೆ ಕಾಣ್ತದಲ್ಲ?"

"ಸೊಪ್ಪು?"

"ಎಲ್ಲ ಕಿತ್ತು ಬೂಬಣ್ಣನ ದನಕ್ಕೆ ಹಾಕಿದೆವು. ಮಣಿಪಾಲದವರಿಗೆ ತಜಂಕ್ ತೋರಿಸುವುದಾ? ಇವರಿಗೆ ತಿನ್ನಲು ಗತಿ ಇಲ್ಲ ಅಂತ ಹೇಳಲಿಕ್ಕಿಲ್ಲವಾ? ನಿಮ್ಮ ಮರ್ಯಾದೆ ನಮ್ಮ ಮರ್ಯಾದೆ ಅಲ್ವಾ?"

ಮಳೆಯಲ್ಲಿ ನೆನೆದು ಕೆಲಸ ಮಾಡಿದ ಹೆಂಗಸರು ಹಿಂದೆ ನಿಂತಿದ್ದರು. ಒಬ್ಬಳು ಆಗಲೇ ಸೀನುತ್ತಿದ್ದಳು. ಅಪ್ಪಿಯಕ್ಕ ಎಲ್ಲರ ಮುಖವನ್ನೂ ನೋಡಿದರು. "ಚೊಕ್ಕ ಆಗಿದೆ" ಎಂದರು. ಬಕೆಟು ಎತ್ತಿ ಬಸಳೆಯ ಬುಡಕ್ಕೆ ಹೊಯ್ದರು.

ಶರ್ಮಿಳಾ ಒಳ್ಳೆಯ ಹೆಂಗಸು. ಚಪ್ಪಲಿ ಕಳಚಿಟ್ಟು ಮಣ್ಣಿನಲ್ಲಿ ನಡೆದರು. ಅರ್ಜಿಯನ್ನು ಎರಡು ಸಲ ನೋಡಿದರು.

"ಅಮ್ಮ, ಇದರಲ್ಲಿ ಆಟಿಯ ಸೊಪ್ಪುಗಳು ಅಂತ ಉಂಟಲ್ಲ, ಅದು ಎಲ್ಲಿ?"

"ಈಗ ಇಲ್ಲ, ಮೇಡಂ."

"ಇಲ್ಲ ಅಂದರೆ? ಈಗ ಆಟಿಯೇ ಅಲ್ವಾ?"

ಹೆಂಗಸರು ಪಕ್ಕದಲ್ಲೇ ಇದ್ದರು. ನಾನು ಬಾಯಿ ತೆರೆಯುವುದರೊಳಗೆ ಅಪ್ಪಿಯಕ್ಕ ನನ್ನ ಸೆರಗು ಎಳೆದರು. ಯಶ್ಮಿತಾ ಕ್ರೋಟನ್ ಕಡೆ ಕೈ ತೋರಿಸಿ, "ಮೇಡಂ, ಫೋಟೋ ತೆಗೆಯುವುದಾದರೆ ಇಲ್ಲಿ ಚಂದ ಬರ್ತದೆ" ಎಂದಳು.

ಹೊರಡುವಾಗ ಶರ್ಮಿಳಾ ತಗ್ಗಿದ ದನಿಯಲ್ಲಿ, "ನಾನು ಕಂಡದ್ದನ್ನೇ ಬರೆಯಬೇಕು, ಅಮ್ಮ. ಬೇಜಾರು ಮಾಡಬೇಡಿ" ಎಂದರು.

ಮರುವಾರ ಫೋನಿಗೆ ಸಂದೇಶ ಬಂತು: ಆಯ್ಕೆಯಾಗಿಲ್ಲ. ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದರು. ಓದಿದೆ. "ಬೇರೆ ಯಾರಾದರೂ ಇದ್ದಾರಾ, ಕೇಳಲಿಕ್ಕೆ?" ಇರಲಿಲ್ಲ. ಆ ದಿನವಿಡೀ ಅವರು ನನ್ನ ಮಿಷನ್ನಿನ ಬಳಿ ಕುಳಿತೇ ಇದ್ದರು. ಊಟಕ್ಕೆ ಕರೆದರೆ ಕೇಳಿಸಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಯಶ್ಮಿತಾ, "ಮಣಿಪಾಲದವರಿಗೆ ಕಣ್ಣೇ ಇಲ್ಲ ಮಾರಾಯ್ರೆ, ಅಷ್ಟು ಚಂದ ಮಾಡಿದ್ದೆವು" ಎಂದು ಬೈದು ಹೋದಳು.

ಸಂಕ್ರಮಣಕ್ಕೆ ಎರಡು ದಿನ ಇರುವಾಗ ಧನರಾಜ್ ಕಾರು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದ. ಅಪ್ಪಿಯಕ್ಕ ಜಗಲಿಯಲ್ಲಿದ್ದರು.

"ಏಳಿ, ಮಣಿಪಾಲಕ್ಕೆ ಹೋಗುವ. ಟ್ರಸ್ಟಿನವರು ನನ್ನ ಹೋಟೆಲಿಗೆ ಊಟಕ್ಕೆ ಬರುವವರೇ. ಮಾತಾಡಿದ್ದೇನೆ. ಆ ದಿನ ಸೊಪ್ಪು ಯಾಕೆ ಇರಲಿಲ್ಲ ಅಂತ ಬರೆದು ಕೊಟ್ಟರೆ ಇನ್ನೊಮ್ಮೆ ಬಂದು ನೋಡ್ತಾರಂತೆ. ಮಳೆ ಉಂಟು, ತಜಂಕ್ ಆಗಲೇ ಚಿಗುರಿದೆ."

ಅವರು ತಟ್ಟನೆ ಎದ್ದರು. ನೋವಿನಿಂದ ಕಂಬ ಹಿಡಿದರು. "ಎಂತ ಬರೆಯಬೇಕು?"

"ಹೆಂಗಸರು ಕಿತ್ತು ದನಕ್ಕೆ ಹಾಕಿದರು ಅಂತ. ಸತ್ಯವೇ ಅಲ್ವಾ?"

"ಅದು ಹೆಂಗಸರಿಗೆ ಗೊತ್ತಾಗ್ತದಾ?"

"ಸಂಘದ ಅರ್ಜಿ ಅಲ್ವಾ, ಇವತ್ತು ಬರೆದು ಕೊಟ್ಟದ್ದನ್ನು ನಾಳೆ ಸಂಘದ ಸಭೆಯಲ್ಲಿ ಓದಿ ಎಲ್ಲರ ಸಹಿ ಹಾಕಿಸಬೇಕು."

ಅಪ್ಪಿಯಕ್ಕ ಮೆಲ್ಲನೆ ಕುಳಿತರು.

"ಬೇಡವಾ? ಹಾಗಾದರೆ ದನ ನುಗ್ಗಿತು ಅಂತ ಬರೆಯುವ."

"ಮೇಡಂ ಹಿಡಿಸೂಡಿ ಗೆರೆ ನೋಡಿದ್ದಾರೆ, ಧನು. ದನ ತಿಂದು ಗುಡಿಸಿ ಹೋಗ್ತದಾ?"

ಅವನು ನಕ್ಕ. ಅವರು ನಗಲಿಲ್ಲ. "ಸಭೆಯಲ್ಲಿ ಅದನ್ನು ಓದಿದ ಮೇಲೆ ಯಶ್ಮಿತಾ ಆ ಗೇಟು ದಾಟ್ತಾಳಾ? ಮಗಳನ್ನು ಕಳಿಸ್ತಾಳಾ? ನನ್ನ ಮಾನ ಉಳಿಸಲಿಕ್ಕೆ ಅಂತ ಮಳೆಯಲ್ಲಿ ನೆನೆದು ಮಾಡಿದ್ದಾರೆ ಅವರು."

"ತೋಟವೇ ಇಲ್ಲದಿದ್ದರೆ ಯಾರು ದಾಟಿ ಎಂತ ಆಗಬೇಕು, ಅಪ್ಪಿಯಕ್ಕ? ನಾಡಿದ್ದು ಕಲ್ಲಿನ ಲಾರಿ ಬರ್ತದೆ."

ಅಪ್ಪಿಯಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡರು, ಭುಜಗಳು ಅಲುಗಿದವು. ಧನರಾಜ್ ಕಾರಿನ ಬಾಗಿಲು ತೆರೆದು ಹಿಡಿದು ಕಾಯುತ್ತಾ ನಿಂತ. ಸೀಟಿನ ಮೇಲೆ ಹನಿ ಬೀಳತೊಡಗಿತು.

"ಬರುವುದಿಲ್ಲ ಮಗಾ" ಎಂದರು ಅಪ್ಪಿಯಕ್ಕ, ಮುಖ ಎತ್ತದೆ. "ಬಾಗಿಲು ಹಾಕು, ಒಳಗೆಲ್ಲ ಒದ್ದೆಯಾಗ್ತದೆ."